ಸಾವಜಿ ಖಾರ ಮತ್ತು ಹೊಟ್ಟೆಯ ಹುಣ್ಣು

ನಾಗಪುರದ ಸಾವಜಿ ಭೋಜನಾಲಯದಲ್ಲಿ ಮಟನ್ ರಸ್ಸಾ ಬಡಿಸಿದರೆ ಮೊದಲು ಕಾಣುವುದು ಮೇಲೆ ತೇಲುವ ಕೆಂಪು ಎಣ್ಣೆ. ಅದರಡಿಗೆ ಒಣಕೊಬ್ಬರಿ, ಗಸಗಸೆ, ಕಲ್ಲುಹೂ, ಕಾಳುಮೆಣಸು ಹುರಿದು ಅರೆದ ಕಪ್ಪು ಮಸಾಲೆ. ನಾಲ್ಕು ತುತ್ತಿಗೆ ಹಣೆಯಲ್ಲಿ ಬೆವರು, ಮೂಗಿನಲ್ಲಿ ನೀರು. ಇದು ಅಲ್ಲಿನ ಹಲಬಾ ಕೋಷ್ಟಿ ನೇಕಾರರ ಅಡುಗೆ. ಹುಬ್ಬಳ್ಳಿ, ಗದಗ-ಬೆಟಗೇರಿಯ ಸಾವಜಿ ಖಾನಾವಳಿ ಬಲ್ಲವರಿಗೆ ಹೆಸರು ಹೊಸದಲ್ಲ; ಇಲ್ಲಿ ಅವನ್ನು ಬೆಳೆಸಿದವರು ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರು, ಅವರದೂ ಮಗ್ಗದ ಕಸುಬೇ. ಅಲ್ಲಿ ಭಿವಾಪುರದ ಮೆಣಸಿನಕಾಯಿ, ಇಲ್ಲಿ ಬ್ಯಾಡಗಿಯದು. ನಾಗಪುರದ ಮನೀಶ್ ನಗರದಲ್ಲಿರಲಿ, ಹುಬ್ಬಳ್ಳಿಯ ಓಣಿಯಲ್ಲಿರಲಿ, ಈ ಊಟದ ಬೆನ್ನಿಗೆ ಒಂದು ನಂಬಿಕೆ ಅಂಟಿಕೊಂಡಿದೆ: ಇಷ್ಟು ಖಾರ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ಹುಣ್ಣು ಮಾಡುವುದು ಖಾರವಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಜಠರದ ಒಳಪೊರೆಯಲ್ಲಿ ಬದುಕುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ವೈದ್ಯಲೋಕ ನಂಬದೆ ಹೋದಾಗ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿನ ಮೊದಲ ದೊಡ್ಡ ಕಾರಣ ಈ ಬ್ಯಾಕ್ಟೀರಿಯಾ; ಎರಡನೆಯದು ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು. ಮೆಣಸಿನಕಾಯಿಯನ್ನೇ ನೇರವಾಗಿ ಪರೀಕ್ಷಿಸಿದವರೂ ಇದ್ದಾರೆ. ದೆಹಲಿಯ ವೈದ್ಯರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಣ್ಣಕರುಳಿನ ಮೊದಲ ಭಾಗದಲ್ಲಿ ಹುಣ್ಣಾಗಿದ್ದ 25 ಮಂದಿಗೆ ಆಂಟಾಸಿಡ್ ಜೊತೆಗೆ ದಿನಕ್ಕೆ 3 ಗ್ರಾಂ ಖಾರದ ಪುಡಿ ಕೊಟ್ಟರು, ಇನ್ನು 25 ಮಂದಿಗೆ ಕೊಡಲಿಲ್ಲ. ನಾಲ್ಕು ವಾರದ ನಂತರ ಎಂಡೋಸ್ಕೋಪಿ ಮಾಡಿ ನೋಡಿದರೆ ಎರಡೂ ಗುಂಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಯ ಹುಣ್ಣು ಮಾಗಿತ್ತು. ಹುಣ್ಣಿದ್ದವರಿಗೇ ಖಾರ ತಿನ್ನಿಸಿದರೂ ಮಾಗುವುದು ನಿಲ್ಲಲಿಲ್ಲ ಎಂಬುದನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು.

ಹಾಗಾದರೆ ಹೊಟ್ಟೆ ಉರಿಯುವುದು ಸುಳ್ಳೇ ಎಂದು ಕೇಳಬಹುದು. ಉರಿ ನಿಜ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನರದ ತುದಿಯಲ್ಲಿರುವ, ಬಿಸಿಯನ್ನು ಗುರುತಿಸುವ ಗ್ರಾಹಕವನ್ನೇ ಕೆಣಕುತ್ತದೆ. ಡೇವಿಡ್ ಜೂಲಿಯಸ್ 1997ರಲ್ಲಿ ಕಂಡುಹಿಡಿದ ಆ ಗ್ರಾಹಕ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ಎಚ್ಚರಗೊಳ್ಳುತ್ತದೆ. ಹಾಗಾಗಿ ಎಲ್ಲಿಯೂ ಸುಡದಿದ್ದರೂ ಸುಟ್ಟಂತೆ ಅನಿಸುತ್ತದೆ. ಎದೆಯುರಿ, ಅಜೀರ್ಣ, ಕರುಳಿನ ಸೂಕ್ಷ್ಮತೆ ಇರುವವರಿಗೆ ಖಾರದಿಂದ ಕಷ್ಟ ಹೆಚ್ಚುವುದೂ ಉಂಟು. ಅವರು ಕಡಿಮೆ ಮಾಡುವುದು ಸರಿ. ರಾತ್ರಿ ತಡವಾಗಿ ಎಣ್ಣೆ ತೇಲುವ ರಸ್ಸಾ ಉಂಡು ಮಲಗಿದರೆ ಹುಳಿ ಗಂಟಲಿಗೆ ಏರುವುದರಲ್ಲಿ ಖಾರದಷ್ಟೇ ಪಾಲು ಜಿಡ್ಡಿನದು: ಕೊಬ್ಬು ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ. ಖಾರ ಬಿಟ್ಟಾಗ ನೋವು ಇಳಿಯಿತು ಎನ್ನುವವರ ಅನುಭವವೂ ಸುಳ್ಳಲ್ಲ. ಆದರೆ ನೋವು ತಗ್ಗಿದ ಮಾತ್ರಕ್ಕೆ ಹುಣ್ಣಿನ ಮೂಲ ಹೋಯಿತೆಂದಲ್ಲ.

ಈ ನಂಬಿಕೆಯಿಂದ ಆಗುವ ನಿಜವಾದ ಹಾನಿ ಇಲ್ಲಿದೆ. ಖಾರ ಬಿಟ್ಟು, ತಣ್ಣನೆ ಹಾಲು ಕುಡಿದು, ಅಂಗಡಿಯಿಂದ ಆಂಟಾಸಿಡ್ ತಂದು ತಿಂಗಳುಗಟ್ಟಲೆ ತಳ್ಳುವವರು ಪರೀಕ್ಷೆಗೆ ಹೋಗುವುದೇ ಇಲ್ಲ. ಹಾಲು ಒಂದಷ್ಟು ಹೊತ್ತು ತಂಪೆನಿಸಿ ಆಮೇಲೆ ಆಮ್ಲ ಸ್ರವಿಸುವುದನ್ನು ಹೆಚ್ಚಿಸುತ್ತದೆ. ಉಸಿರಿನ ಅಥವಾ ಮಲದ ಪರೀಕ್ಷೆಯಲ್ಲಿ ಪೈಲೋರಿ ಸಿಕ್ಕಿತೆಂದರೆ ಆಂಟಿಬಯಾಟಿಕ್ ಮತ್ತು ಆಮ್ಲ ತಗ್ಗಿಸುವ ಮಾತ್ರೆಗಳನ್ನು ಸಾಮಾನ್ಯವಾಗಿ ಎರಡು ವಾರ ತೆಗೆದುಕೊಂಡರೆ ಬಹುತೇಕರಲ್ಲಿ ಅದು ತೊಲಗುತ್ತದೆ. ಬಿಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಊಟದ ಖಾರಕ್ಕೆ ಹೆದರುವ ಮನೆಯಲ್ಲೇ ಮಂಡಿನೋವಿಗೆ ದಿನವೂ ಮಾತ್ರೆ ನುಂಗುವ ಹಿರಿಯರಿದ್ದರೆ, ವೈದ್ಯರೆದುರು ಮೊದಲು ಹೇಳಬೇಕಾದದ್ದು ಆ ಮಾತ್ರೆಯ ಹೆಸರು. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.