ಮಾತು ತಡವಾದ ಮಗು, ನೆಮ್ಮದಿಯಿಲ್ಲದ ನಿದ್ರೆ

ಆದವಾನಿ, ಆಲೂರು ಸೀಮೆಯು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಇಂದಿಗೂ ಇಲ್ಲಿನ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಕೇಳುತ್ತ ಬೆಳೆಯುತ್ತಾರೆ. ಮೂರು ವರ್ಷ ತುಂಬಿದರೂ ಮಗು ವಾಕ್ಯ ಕಟ್ಟದಿದ್ದರೆ ದೂರು ಮೊದಲು ಬೀಳುವುದು ಮನೆಮಾತಿನ ಮೇಲೆ. ‘ಕನ್ನಡ ಬಿಡಿಸಿ, ಒಂದೇ ಭಾಷೆ ಕಲಿಸಿ’ ಎಂಬ ಉಪದೇಶವೂ ಬರುತ್ತದೆ. ಈ ಆರೋಪಕ್ಕೆ ಆಧಾರವಿಲ್ಲ. ಎರಡು ಭಾಷೆಗಳನ್ನು ಕೇಳುವುದರಿಂದ ಭಾಷಾ ದೌರ್ಬಲ್ಯ ಉಂಟಾಗದು. ದೌರ್ಬಲ್ಯವಿದ್ದರೆ ಅದು ಎರಡರಲ್ಲಿಯೂ ಕಾಣುತ್ತದೆ.

ಪಾಲಕರು ಗಮನಿಸಬೇಕಾದುದು ಬೇರೊಂದಿದೆ. ಅದು ಮಗುವಿನ ರಾತ್ರಿ. ಮಾತಿನ ಬೆಳವಣಿಗೆ ಕುಂಠಿತವಾದ ಮಕ್ಕಳಲ್ಲಿ ನಿದ್ರೆಯ ತೊಂದರೆಗಳು ಹೆಚ್ಚು. ಕೆಲವರು ನಿದ್ರೆಯಲ್ಲಿ ಇಪ್ಪತ್ತು ನಲವತ್ತು ಸೆಕೆಂಡುಗಳಿಗೊಮ್ಮೆ ಕಾಲು ಜಾಡಿಸುತ್ತಾರೆ. ಗಂಟೆಗೆ ಐದಕ್ಕಿಂತ ಹೆಚ್ಚು ಬಾರಿ ಹೀಗಾಗಿ, ನಿದ್ರೆ ಕೆಟ್ಟು ಹಗಲಿಗೂ ತೊಂದರೆಯಾದರೆ ವೈದ್ಯರು ಅದನ್ನು ಆವರ್ತಕ ಅಂಗಚಲನೆಯ ವ್ಯಾಧಿಯೆಂದು ಪರಿಗಣಿಸುತ್ತಾರೆ. ಇನ್ನು ಕೆಲವರಿಗೆ ಮಲಗುವ ಹೊತ್ತಿನಲ್ಲಿ ಕಾಲೊಳಗೆ ಏನೋ ಹರಿದಾಡಿದಂತೆ ಸಂಕಟ. ದೊಡ್ಡವರು ಅದನ್ನು ಹೇಳಿಕೊಳ್ಳಬಲ್ಲರು. ಮಾತೇ ಬಾರದ ಮಗು ಹೇಗೆ ಹೇಳೀತು? ಅದು ಅಳುತ್ತದೆ, ಹೊರಳಾಡುತ್ತದೆ, ಕಾಲು ಒತ್ತಿಸಿಕೊಳ್ಳುತ್ತದೆ. ಮನೆಯವರು ಹಟವೆಂದು ಗದರಿಸುತ್ತಾರೆ.

ಹಗಲು ಕೇಳಿದ ಹೊಸ ಪದಗಳು ನೆನಪಿನಲ್ಲಿ ನೆಲೆಗೊಳ್ಳಲು ನಿದ್ರೆ ನೆರವಾಗುತ್ತದೆ. ಮೂರರಿಂದ ಐದು ವರ್ಷದ ಮಗುವಿಗೆ ಹಗಲು ನಿದ್ರೆಯೂ ಸೇರಿ 10ರಿಂದ 13 ಗಂಟೆಗಳ ನಿದ್ರೆ ಬೇಕು. ನಿದ್ರೆಗೆಟ್ಟ ಮಗು ತೂಕಡಿಸುವುದಕ್ಕಿಂತ ಚಡಪಡಿಸುವುದೇ ಹೆಚ್ಚು. ಹಾಗೆಂದು ಕಾಲಿನ ಚಲನೆಯೇ ಮಾತಿನ ತೊಡಕಿಗೆ ಕಾರಣವೆಂದು ಭಾವಿಸಲಾಗದು, ಎರಡನ್ನೂ ಪರೀಕ್ಷಿಸಬೇಕು.

ಈ ಅಂಗಚಲನೆಗೆ ಅನೇಕ ವೇಳೆ ಕಬ್ಬಿಣಾಂಶದ ಕೊರತೆಯ ನಂಟಿರುತ್ತದೆ. ಚಲನೆಯನ್ನು ಹದದಲ್ಲಿಡುವ ಡೋಪಮಿನ್ ಮಿದುಳಿನಲ್ಲಿ ತಯಾರಾಗಲು ಕಬ್ಬಿಣ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ ಸರಿಯಿದ್ದರೂ ದೇಹದ ಕಬ್ಬಿಣದ ಸಂಗ್ರಹ ಬರಿದಾಗಿರಬಹುದು. ಅದನ್ನು ಫೆರಿಟಿನ್ ಪರೀಕ್ಷೆ ತೋರಿಸುತ್ತದೆ. ನುಗ್ಗೆಸೊಪ್ಪು, ಬೇಳೆಕಾಳು, ಊಟಕ್ಕೆ ಹಿಂಡಿದ ನಿಂಬೆ ಉಪಕಾರಿ. ಊಟದೊಡನೆ ಚಹಾ ಸಲ್ಲದು. ಕಬ್ಬಿಣದ ಔಷಧ ಹೆಚ್ಚಾದರೆ ವಿಷವಾಗುವುದರಿಂದ ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರಕಾರಿ ಶಾಲೆಗಳಲ್ಲಿ ನಡೆಯುವ ತಪಾಸಣೆಯಲ್ಲಿ ಮಾತಿನ ವಿಳಂಬವೂ ಸೇರಿದೆ. ಮೊದಲು ಕಿವಿಯ ಪರೀಕ್ಷೆ ಆಗಲಿ. ಕನ್ನಡದಲ್ಲಿಯೇ ವಾಕ್ ಚಿಕಿತ್ಸೆ ಬೇಕಾದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಗು ಮಲಗಿದ್ದಾಗಿನ ಚಲನೆಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಹೋದರೆ ವೈದ್ಯರಿಗೆ ಅನುಕೂಲ.

ಒಂದು ಎಚ್ಚರಿಕೆ: ಚೆನ್ನಾಗಿ ಮಾತನಾಡುತ್ತಿದ್ದ ಮಗು ಮಾತನ್ನು ಕಳೆದುಕೊಳ್ಳತೊಡಗಿದರೆ, ಅಥವಾ ನಿದ್ರೆಯಲ್ಲಿ ಮೈ ಬಿಗಿದು ಸೆಟೆದರೆ, ಅದು ಮೂರ್ಛೆರೋಗದ ಲಕ್ಷಣವಿರಬಹುದು. ಆಗ ತಡಮಾಡದೆ ನರರೋಗ ತಜ್ಞರನ್ನು ಕಾಣಬೇಕು.

ಅಲ್ಲಿಯವರೆಗೂ ಅಜ್ಜಿ ಕಥೆ ಹೇಳುವ ಕನ್ನಡವನ್ನು ಮಗುವಿನಿಂದ ಕಸಿದುಕೊಳ್ಳುವುದು ಬೇಡ. ಮಾತು ಮೂಡಬೇಕಾದರೆ ಮಾತು ಕೇಳಬೇಕು. ಕೇಳಿದ್ದು ಉಳಿಯಬೇಕಾದರೆ ಮಗು ನೆಮ್ಮದಿಯಾಗಿ ನಿದ್ರಿಸಬೇಕು.