ನೀರು ಓಡಿದರೆ ಮೀಟರೂ ಓಡುತ್ತದೆ

ಶಿಕಾರಿಪುರದ ಕುಮುದ್ವತಿಯೂ ಸೊರಬದ ದಂಡಾವತಿಯೂ ಪಶ್ಚಿಮದ ಕಡಲಿಗೆ ಬೆನ್ನು ಹಾಕಿ ಹರಿಯುವ ನದಿಗಳು. ಕುಮುದ್ವತಿ ನೇರವಾಗಿ, ದಂಡಾವತಿ ವರದೆಯ ಜೊತೆಗೂಡಿ ತುಂಗಭದ್ರೆಗೆ ಸೇರುತ್ತವೆ. ಆದರೆ ನಕ್ಷೆಯ ಮೇಲೆ ಗೆರೆ ಎಳೆದು ನೋಡಿದರೆ ಸೊರಬದಿಂದ ಮುರುಡೇಶ್ವರದ ಕಡಲತೀರ ನೂರು ಕಿಲೋಮೀಟರಿಗಿಂತಲೂ ಹತ್ತಿರ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಸಾಗಿದರೆ ನೇತ್ರಾಣಿ ದ್ವೀಪ. ಅದರ ಸುತ್ತ ನೀರಿನಡಿಯ ಬಂಡೆಗಳ ಮೇಲೆ ಹವಳಗಳಿವೆ, ಅವುಗಳ ನಡುವೆ ಬಣ್ಣಬಣ್ಣದ ಮೀನುಗಳಿವೆ.

ಇಂಥ ದೃಶ್ಯವನ್ನು ಮೊಬೈಲಿನಲ್ಲಿ ನೋಡಿದ ಮಕ್ಕಳು ‘ನಮ್ಮ ಮನೆಯಲ್ಲೂ ಇಂಥದೊಂದು ತೊಟ್ಟಿ ಇಡೋಣ’ ಎಂದು ಕೇಳುವುದು ಸಹಜ. ‘ಎಷ್ಟಾಗುತ್ತದೆ?’ ಎಂದು ಅಪ್ಪ ಕೇಳುತ್ತಾರೆ. ಅಂಗಡಿಯವರು ಗಾಜಿನ ತೊಟ್ಟಿಯ ಬೆಲೆ ಹೇಳುತ್ತಾರೆ. ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ: ತಿಂಗಳಿಗೆ ಎಷ್ಟಾಗುತ್ತದೆ?

ಹರಿವು ಏಕೆ ಬೇಕು?

ಹವಳ ನೋಡಲು ಗಿಡದಂತಿದ್ದರೂ ಅದು ಪ್ರಾಣಿ. ಮೀನಿನಂತೆ ಈಜಿ ಹೋಗಿ ಆಹಾರ ಹುಡುಕಲು ಅದಕ್ಕೆ ಆಗದು. ಆಹಾರವನ್ನೂ ಆಮ್ಲಜನಕವನ್ನೂ ನೀರೇ ಅದರ ಬಳಿಗೆ ತರಬೇಕು. ಕಸವನ್ನೂ ನೀರೇ ಒಯ್ಯಬೇಕು. ನೀರು ನಿಂತರೆ ಹವಳದ ಮೈಗೆ ಅಂಟಿದಂತೆ ತೆಳುವಾದ ನಿಶ್ಚಲ ಪದರವೊಂದು ಉಳಿದು, ಉಸಿರಾಟಕ್ಕೇ ಅಡ್ಡಿಯಾಗುತ್ತದೆ. ಹಾಗೆಂದು ಕೊಳಾಯಿಯ ಧಾರೆಯಂತೆ ಒಂದೇ ಕಡೆಗೆ ರಭಸವಾಗಿ ಹೊಡೆದರೂ ಅದರ ಮೃದುವಾದ ಮೈ ಹರಿಯುತ್ತದೆ. ಕಡಲಿನಲ್ಲಿರುವಂತೆ ಅತ್ತಿತ್ತ ತೂಗುವ, ದಿಕ್ಕು ಬದಲಿಸುವ ಹರಿವು ಬೇಕು.

ಹವಳದ ತೊಟ್ಟಿಯಲ್ಲಿ ಗಂಟೆಗೆ ತೊಟ್ಟಿಯ ಅಳತೆಯ ಇಪ್ಪತ್ತು ಪಟ್ಟು ನೀರು ಚಲಿಸಬೇಕು ಎಂಬುದು ಸಾಕುವವರ ಸಾಮಾನ್ಯ ಲೆಕ್ಕ. 90 ಸೆಂಟಿಮೀಟರ್ ಉದ್ದ, 45 ಅಗಲ, 50 ಎತ್ತರದ ತೊಟ್ಟಿ ಸುಮಾರು 200 ಲೀಟರ್ ಹಿಡಿಯುತ್ತದೆ. ಅಂದರೆ ಗಂಟೆಗೆ 4,000 ಲೀಟರ್.

ಎತ್ತುವ ನೀರು, ಸುತ್ತುವ ನೀರು

ಇದನ್ನೆಲ್ಲ ಒಂದೇ ದೊಡ್ಡ ಪಂಪಿನಿಂದ ಮಾಡಲು ಹೋದರೆ ಕರೆಂಟು ದಂಡ. ರೈತರ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಕೊಳವೆಬಾವಿಯಿಂದ ನೀರೆತ್ತಲು ಪಂಪ್‌ಸೆಟ್ ಬೇಕು. ಅಂಜನಾಪುರ ಜಲಾಶಯದ ಕಾಲುವೆಯಲ್ಲಿ ನೀರು ತಾನಾಗಿ ಹರಿಯುತ್ತದೆ. ಶಕ್ತಿ ಹೆಚ್ಚು ಖರ್ಚಾಗುವುದು ನೀರನ್ನು ಮೇಲೆತ್ತುವುದಕ್ಕೆ. ತೊಟ್ಟಿಯೊಳಗೇ ನೀರನ್ನು ತಳ್ಳುವ ‘ವೇವ್ ಮೇಕರ್’ ಎಂಬ ಪುಟ್ಟ ಪಂಕ ಸುಮಾರು 10 ವಾಟಿನಲ್ಲೇ ಗಂಟೆಗೆ ಸಾವಿರಾರು ಲೀಟರ್ ನೀರನ್ನು ಸುತ್ತಿಸಬಲ್ಲದು. ಕೆಳಗಿನ ಸೋಸುವ ತೊಟ್ಟಿಯಿಂದ ನೀರೆತ್ತುವ ಪಂಪು ಚಿಕ್ಕದಿದ್ದರೆ ಸಾಕು.

ಪಂಪಿನ ಡಬ್ಬಿಯ ಮೇಲೆ ಬರೆದ ಅಂಕಿಯನ್ನು ಮಾತ್ರ ನಂಬಬೇಡಿ. ನೀರು ಮೇಲೇರಿದಷ್ಟೂ ಹರಿವು ಕುಗ್ಗುತ್ತದೆ. ಹತ್ತು ಲೀಟರಿನ ಬಕೆಟ್ಟು 18 ಸೆಕೆಂಡಿನಲ್ಲಿ ತುಂಬಿದರೆ ಹರಿವು ಗಂಟೆಗೆ 2,000 ಲೀಟರ್. ಹೈಸ್ಕೂಲು ವಿದ್ಯಾರ್ಥಿಗೆ ಇದೊಂದು ಒಳ್ಳೆಯ ಪ್ರಯೋಗ.

ತಿಂಗಳ ಲೆಕ್ಕ

ವಾಟನ್ನು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಬರುವುದೇ ಯೂನಿಟ್. ನಮ್ಮ 200 ಲೀಟರಿನ ತೊಟ್ಟಿಗೆ 25 ವಾಟಿನ ಪಂಪು, 10 ವಾಟಿನ ಎರಡು ವೇವ್ ಮೇಕರ್, ಕಸವನ್ನು ನೊರೆಯಾಗಿ ತೆಗೆಯುವ 15 ವಾಟಿನ ಸ್ಕಿಮ್ಮರ್ ಎಂದಿಟ್ಟುಕೊಳ್ಳೋಣ. ಇವು ಮೂರೂ ದಿನದ 24 ಗಂಟೆ ಓಡಬೇಕು: 1.44 ಯೂನಿಟ್. ನೂರು ವಾಟಿನ ದೀಪ ಹತ್ತು ಗಂಟೆ ಉರಿದರೆ 1 ಯೂನಿಟ್. ದಿನಕ್ಕೆ 2.44, ತಿಂಗಳಿಗೆ 73 ಯೂನಿಟ್. ಮಲೆನಾಡಿನ ಚಳಿಗಾಲದಲ್ಲಿ 150 ವಾಟಿನ ಹೀಟರ್ ದಿನಕ್ಕೆ ಆರು ಗಂಟೆ ಉರಿದರೆ ಮತ್ತೆ 27. ಒಟ್ಟು ನೂರು!

ಯೂನಿಟ್ಟಿಗೆ ಆರು ರೂಪಾಯಿಯಂತೆ ಹಿಡಿದರೂ 600 ರೂಪಾಯಿ. ಇನ್ನೊಂದು ವಿಷಯವಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಉಚಿತ ಯೂನಿಟ್ ಗೊತ್ತುಮಾಡಿದರು. ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕೆಂಬುದು ಅದರ ನಿಯಮ. ತಿಂಗಳಿಗೆ 120 ಯೂನಿಟ್ ಬಳಸುವ ಮನೆಗೆ ಈ ನೂರು ಸೇರಿದರೆ 220. ಆಗ ತೊಟ್ಟಿಯ ಬಿಲ್ಲಿನ ಜೊತೆಗೆ ಇಡೀ ಮನೆಯ ಬಿಲ್ಲೂ ಬರುತ್ತದೆ.

ಉಪ್ಪಿನ ಖರ್ಚು ಬೇರೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ವಾರಕ್ಕೆ 20 ಲೀಟರ್ ಬದಲಿಸಿದರೂ ತಿಂಗಳಿಗೆ ಮೂರು ಕಿಲೋ ಹತ್ತಿರ ಬೇಕು. ಅಡುಗೆ ಉಪ್ಪು ಆಗದು. ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿರುವುದಿಲ್ಲ. ಆವಿಯಾಗಿ ಕಡಿಮೆಯಾದ ನೀರಿಗೆ ಮಾತ್ರ ಸಿಹಿನೀರನ್ನೇ ತುಂಬಬೇಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ.

ಕರೆಂಟು ಹೋದರೆ?

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಊರೆಲ್ಲ ಕತ್ತಲಾಗುವುದು ನಮಗೆ ಹೊಸದಲ್ಲ. ನಾವು ಮೇಣದಬತ್ತಿ ಹಚ್ಚಿ ಕೂರುತ್ತೇವೆ. ತೊಟ್ಟಿಯಲ್ಲಿ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಕುಸಿಯತೊಡಗುತ್ತದೆ. ಹೀಟರನ್ನೂ ದೀಪವನ್ನೂ ಬಿಟ್ಟುಬಿಡಿ, ಒಂದು ವೇವ್ ಮೇಕರನ್ನು ನೀರಿನ ಮೇಲ್ಮೈ ಕಲಕುವಂತೆ ಇನ್ವರ್ಟರಿಗೆ ಜೋಡಿಸಿ. 12 ಗಂಟೆಗೆ ಅದು ತಿನ್ನುವುದು 120 ವಾಟ್-ಗಂಟೆ ಮಾತ್ರ. ಆ ಏರ್ಪಾಡೂ ಇಲ್ಲದ ಮನೆಯಲ್ಲಿ ಹವಳ ಬೇಡ.

ಕಾನೂನಿನ ಮಾತು

ದಿಬ್ಬ ಕಟ್ಟುವ ಕಲ್ಲುಹವಳಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿದವು. ಅದು ಹುಲಿ, ಆನೆ ಇರುವ ಪಟ್ಟಿ. ಆದ್ದರಿಂದ ನೇತ್ರಾಣಿಯಿಂದಾಗಲಿ ಬೇರೆಲ್ಲಿಂದಾಗಲಿ ಹವಳ ಕಿತ್ತು ತರುವುದು ಅಪರಾಧ. ಯಾರೋ ಅಗ್ಗಕ್ಕೆ ಮಾರುತ್ತಾರೆಂದು ಕೊಂಡರೆ ತೊಂದರೆ ಕೊಂಡವರಿಗೂ ತಪ್ಪದು.

ಹಾಗಾದರೆ ಮಗುವಿನ ಆಸೆಗೆ ದಾರಿಯಿಲ್ಲವೇ? ಇದೆ. ಕೃತಕ ಬಂಡೆ ಜೋಡಿಸಿ, ಮರಿಕೇಂದ್ರದಲ್ಲಿ ಹುಟ್ಟಿದ ಕ್ಲೌನ್ ಮೀನುಗಳನ್ನು ಸಾಕಬಹುದು. ಇವನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಹವಳವಿಲ್ಲದ ತೊಟ್ಟಿಗೆ ಅರ್ಧ ಹರಿವು ಸಾಕು, ಬೆಳಕೂ ಕಡಿಮೆ ಸಾಕು. 15 ವಾಟಿನ ಪಂಪು, ಒಂದೇ ವೇವ್ ಮೇಕರ್, ಸ್ಕಿಮ್ಮರ್, ಎಂಟು ಗಂಟೆ ಉರಿಯುವ 20 ವಾಟಿನ ದೀಪ: ಹೀಟರ್ ಬಿಟ್ಟರೆ ತಿಂಗಳಿಗೆ 34 ಯೂನಿಟ್. ಅದೂ ಹೆಚ್ಚೆನಿಸಿದರೆ ಸಿಹಿನೀರಿನ ಗಪ್ಪಿ, ಮೋಲಿಗಳಿಂದ ಆರಂಭಿಸಿ. ಸಾಕಲಾಗದ ಮೀನನ್ನು ಮಾತ್ರ ಕೆರೆಗೋ ಹೊಳೆಗೋ ಬಿಡಬೇಡಿ. ಹೊರಗಿನಿಂದ ಬಂದ ಮೀನು ನಮ್ಮ ನೀರಿನ ಮೀನುಗಳಿಗೆ ಕಂಟಕವಾಗಬಹುದು.

ತೊಟ್ಟಿ ಕೊಳ್ಳುವ ಮೊದಲು ಮೂರು ತಿಂಗಳ ಕರೆಂಟು ಬಿಲ್ಲನ್ನು ಮುಂದಿಟ್ಟುಕೊಂಡು ಮಗನೋ ಮಗಳೋ ಈ ಲೆಕ್ಕವನ್ನು ತಾವೇ ಮಾಡಲಿ. ಅಪ್ಪ ಅಮ್ಮ ತಪ್ಪು ಹುಡುಕಲಿ. ಲೆಕ್ಕ ಸರಿಹೊಂದಿ, ವಾರವಾರ ನೀರು ಬದಲಿಸುವ ಹೊಣೆಯನ್ನು ಮಕ್ಕಳು ಹೊತ್ತರೆ ಆಮೇಲೆ ಅಂಗಡಿಗೆ ಹೋಗಬಹುದು.