ಎರಡನೇ ಸಲ ಸಿಕ್ಕಿಬಿದ್ದ ಚಾಲಕ

ಕುಡಿತ ಮೈಗೆ ಒಗ್ಗಿದವನು ತೊದಲುವುದಿಲ್ಲ, ಅವನ ಹೆಜ್ಜೆಯೂ ತಪ್ಪುವುದಿಲ್ಲ. ನೋಡಿದವರಿಗೂ ಅವನಿಗೂ ‘ಸರಿಯಾಗೇ ಇದ್ದಾನೆ’ ಅನ್ನಿಸುತ್ತದೆ. ಆದರೆ ಏಕಕಾಲಕ್ಕೆ ಎರಡು ಕಡೆ ಗಮನವಿಡುವ, ತಟ್ಟನೆ ತೀರ್ಮಾನಿಸುವ ಶಕ್ತಿ ಅಷ್ಟು ಸುಲಭವಾಗಿ ಮದ್ಯಕ್ಕೆ ಒಗ್ಗಿಕೊಳ್ಳುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತುವುದು ಅರ್ಧ ಸೆಕೆಂಡ್ ತಡವಾದರೆ ಗಾಡಿ ಎಂಟು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ರಸ್ತೆ ದಾಟುತ್ತಿರುವವರಿಗೆ ಆ ಎಂಟು ಮೀಟರೇ ಬದುಕು. ಕುಡಿದು ಓಡಿಸಿ ಸುರಕ್ಷಿತವಾಗಿ ಮನೆ ಸೇರಿದ ಪ್ರತಿ ರಾತ್ರಿಯೂ ಅವನ ಧೈರ್ಯವನ್ನು ಇನ್ನಷ್ಟು ಬಲಪಡಿಸುತ್ತದೆ.

ಕಾನೂನು ಸಡಿಲವೇನಲ್ಲ. 100 ಮಿ.ಲೀ. ರಕ್ತದಲ್ಲಿ ಮದ್ಯಸಾರ 30 ಮಿ.ಗ್ರಾಂ. ಮೀರಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185ರಡಿ ಅಪರಾಧ. ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ 10,000 ರೂ. ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ ಜೈಲು ಎರಡು ವರ್ಷದವರೆಗೆ, ದಂಡ 15,000 ರೂ. ಅಪರಾಧ ಸಾಬೀತಾದರೆ ಕನಿಷ್ಠ ಆರು ತಿಂಗಳು ಚಾಲನೆಗೆ ಅನರ್ಹಗೊಳಿಸಬೇಕೆಂದು ಸೆಕ್ಷನ್ 20 ಹೇಳುತ್ತದೆ.

ಇದೆಲ್ಲ ನಿಂತಿರುವುದು ಅಳತೆಯ ಮೇಲೆ. ದೇಹ ಗಂಟೆಗೆ 100 ಮಿ.ಲೀ. ರಕ್ತದಲ್ಲಿ ಸುಮಾರು 15 ಮಿ.ಗ್ರಾಂ.ನಂತೆ ಮದ್ಯಸಾರವನ್ನು ಕರಗಿಸುತ್ತದೆ. ಅಪಘಾತದ ಹೊತ್ತಿಗೆ 75 ಇದ್ದದ್ದು, ರಕ್ತ ತೆಗೆಯುವುದು ಮೂರು ಗಂಟೆ ತಡವಾದರೆ 30ಕ್ಕೆ ಇಳಿದು ಮಿತಿಯೊಳಗೆ ಬಂದಿರುತ್ತದೆ. ದಾಖಲೆಯಲ್ಲಿ ಅಪರಾಧವೇ ಇರುವುದಿಲ್ಲ. ಮುಂದೆ ಸಿಕ್ಕಿದಾಗ ಅವನು ‘ಮೊದಲ ಸಲ’ದವನು. ಗಾಂಜಾದಂಥ ಮಾದಕದ್ರವ್ಯದ ವಿಷಯದಲ್ಲಿ ಸ್ಥಿತಿ ಇನ್ನೂ ದುರ್ಬಲ: ಉಸಿರು ಪರೀಕ್ಷಿಸುವ ಆಲ್ಕೋಮೀಟರ್‌ಗೆ ಅದು ಸಿಗುವುದೇ ಇಲ್ಲ, ಕಾನೂನು ಕೂಡ ಅಂಕಿ ಕೊಡದೆ, ವಾಹನವನ್ನು ಹತೋಟಿಯಲ್ಲಿಡಲಾರದಷ್ಟು ಅಮಲು ಎಂದಷ್ಟೇ ಹೇಳುತ್ತದೆ.

ಸಿಕ್ಕಿ, ಡಿಎಲ್ ಅಮಾನತಾಯಿತು ಅಂದುಕೊಳ್ಳೋಣ. ಗಾಡಿಯ ಕೀ ಅವನ ಜೇಬಿನಲ್ಲೇ ಇರುತ್ತದೆ. ಅನರ್ಹನಾಗಿದ್ದೂ ಓಡಿಸುವುದು ಬೇರೆಯೇ ಅಪರಾಧ ನಿಜ, ಆದರೆ ಯಾರಾದರೂ ತಡೆದು ಕೇಳಿದರೆ ಮಾತ್ರ ಅದು ಬಯಲಾಗುತ್ತದೆ. ಅಮೆರಿಕದ ರಾಜ್ಯಗಳು ಇಂಥವರ ಕಾರಿಗೆ ಇಂಟರ್‌ಲಾಕ್ ಹಾಕಿಸುತ್ತವೆ. ಊದಿದ ಉಸಿರಿನಲ್ಲಿ ಮದ್ಯಸಾರವಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ಅದು ಇರುವಷ್ಟು ಕಾಲ ಮರು ಅಪರಾಧ ಗಮನಾರ್ಹವಾಗಿ ತಗ್ಗುತ್ತದೆ. ತೆಗೆದ ಮೇಲೆ ಆ ಲಾಭ ಬಹುಮಟ್ಟಿಗೆ ಕರಗಿಹೋಗುವುದನ್ನೂ ಅಧ್ಯಯನಗಳು ಕಂಡಿವೆ. ಯಂತ್ರ ಗಾಡಿಯನ್ನು ತಡೆಯಿತು, ಚಟ ಹಾಗೇ ಉಳಿಯಿತು.

ಚಟಕ್ಕೆ ಬೇಕಾದದ್ದು ಚಿಕಿತ್ಸೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ಎರಡನೇ ಸಲ ಸಿಕ್ಕವನಿಗೆ ಡಿಎಲ್ ಮರಳಿಸುವ ಮುನ್ನ ಅಂಥ ಕಡೆ ತಪಾಸಣೆ, ಬೇಕಿದ್ದರೆ ಚಿಕಿತ್ಸೆ ಕಡ್ಡಾಯವಾಗಬೇಕು. ಆರು ತಿಂಗಳು ಕಳೆದದ್ದನ್ನು ಕ್ಯಾಲೆಂಡರ್ ಹೇಳೀತು, ಕುಡಿತ ಬಿಟ್ಟದ್ದನ್ನು ವೈದ್ಯರೇ ನೋಡಿ ಹೇಳಬೇಕು.